ಕಡಲಾಳದ ಹಗೇವಿಗೆ ಇಳಿಯುವ ಇಂಗಾಲ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರವನ್ನು ದಾಟಿ, ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯ ಬಳಿ ಸಾಗಿ, ಬೈಲಹೊಂಗಲ ಸೀಮೆಯ ಎರೆಭೂಮಿಯ ನಡುವೆ ಹರಿದು, ಸವದತ್ತಿ ತಾಲ್ಲೂಕಿನ ನವಿಲುತೀರ್ಥದ ಕಣಿವೆಯಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತಾಳೆ. ಅಲ್ಲಿಂದ ಮುಂದೆ ರಾಮದುರ್ಗವನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಳೆಗಾಲದಲ್ಲಿ ಹೊಳೆಯ ನೀರು ಬಣ್ಣ ತಿರುಗುವುದನ್ನು ಈ ನಾಲ್ಕೂ ತಾಲ್ಲೂಕುಗಳ ಜನ ಕಂಡಿದ್ದಾರೆ. ಆ ಬಣ್ಣವೆಂದರೆ ಮಣ್ಣು. ಜಲಾಶಯವನ್ನು ಹೊಕ್ಕ ಮೇಲೆ ಆ ಮಣ್ಣು ಕಣ್ಣಿಗೆ ಕಾಣದಂತೆ ತಳಕ್ಕಿಳಿಯುತ್ತದೆ. ದಂಡೆಯ ಮೇಲೆ ನಿಂತವನಿಗೆ ನೀರಿನ ಮಟ್ಟ ತಿಳಿಯುತ್ತದೆಯೇ ಹೊರತು, ತಳದಲ್ಲಿ ಎಷ್ಟು ಹೂಳು ಕುಳಿತಿತು, ಅದು ಯಾವ ವರ್ಷದ್ದು, ಯಾರ ಹೊಲದ್ದು ಎಂಬುದು ತಿಳಿಯುವುದಿಲ್ಲ.

ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಮಹಾಸಾಗರದ ಮುಂದೆ ಇಟ್ಟಿದ್ದಾರೆ. ಅಲ್ಲಿ ಮುಳುಗುವುದು ಇಂಗಾಲ. ಗಾಳಿಯಲ್ಲಿದ್ದ ಇಂಗಾಲವು ಕಡಲ ಮೇಲ್ಪದರಕ್ಕೆ ಬಂದು, ಅಲ್ಲಿಂದ ಆಳಕ್ಕೆ ಎಷ್ಟು ಇಳಿಯುತ್ತದೆ ಎಂಬುದರ ಮೇಲೆ ಭೂಮಿಯ ಉಷ್ಣತೆ ನಿಂತಿದೆ. ಆ ಉಷ್ಣತೆಯ ಮೇಲೆ ಮುಂಗಾರು ನಿಂತಿದೆ. ಧ್ರುವಸಾಗರಗಳಲ್ಲಿ ಹೀಗೆ ಮುಳುಗುವ ಇಂಗಾಲವನ್ನು ಅಳೆಯಲು ನಿಸರ್ಗವೇ ಇಟ್ಟಿರುವ ಒಂದು ವಿಕಿರಣಶೀಲ ಗುರುತು ನೆರವಾಗುತ್ತದೆ. ಆ ಗುರುತು ಯಾವುದು, ಅದನ್ನು ಓದುವ ಬಗೆ ಹೇಗೆ, ಆ ಓದಿನಿಂದ ಸಾಮಾನ್ಯ ಜನರಿಗೆ ಆಗುವ ಪ್ರಯೋಜನವೇನು ಎಂಬುದೇ ಈ ಉಪನ್ಯಾಸದ ವಿಷಯ.

ಕಣ, ಬುಟ್ಟಿ ಮತ್ತು ಹಗೇವು

ಕಡಲ ಮೇಲ್ಭಾಗದಲ್ಲಿ, ಸೂರ್ಯನ ಬೆಳಕು ತಲುಪುವಷ್ಟು ಆಳದವರೆಗೆ, ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು ಬೆಳೆಯುತ್ತವೆ. ಹೊಲದ ಜೋಳದಂತೆ ಇವೂ ಬೆಳಕನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ತಮ್ಮ ಒಡಲಾಗಿ ಮಾಡಿಕೊಳ್ಳುತ್ತವೆ. ಇವುಗಳಲ್ಲಿ ಗಾಜಿನಂಥ ಸಿಲಿಕಾ ಕವಚವುಳ್ಳ ಡಯಾಟಮ್‌ಗಳದು ದೊಡ್ಡ ಪಾಲು. ಈ ಬೆಳೆಯನ್ನು ಸಣ್ಣ ಪ್ರಾಣಿಗಳು ಮೇಯುತ್ತವೆ. ಆ ಪ್ರಾಣಿಗಳನ್ನು ಮತ್ತೊಂದು ತಿನ್ನುತ್ತದೆ. ತಿಂದುದರಲ್ಲಿ ಬಹುಪಾಲು ಉಸಿರಾಟದ ಮೂಲಕ ಮತ್ತೆ ಇಂಗಾಲದ ಡೈಆಕ್ಸೈಡಾಗಿ ಅದೇ ನೀರಿಗೆ ಮರಳುತ್ತದೆ. ಉಳಿದ ಸಣ್ಣ ಪಾಲು ಸತ್ತ ಜೀವಕೋಶಗಳ ಮುದ್ದೆಯಾಗಿ, ಪ್ರಾಣಿಗಳ ಹಿಕ್ಕೆಯಾಗಿ ಕೆಳಕ್ಕೆ ಇಳಿಯುತ್ತದೆ.

ಹಿಂದೆ ಈ ಭಾಗದ ಮನೆಗಳಲ್ಲಿ ರಾಶಿಯಾದ ಜೋಳವು ಎರಡು ದಾರಿ ಹಿಡಿಯುತ್ತಿತ್ತು. ನಿತ್ಯದ ರೊಟ್ಟಿಗೆ ಬೇಕಾದುದು ಬುಟ್ಟಿಯಲ್ಲಿ ಉಳಿಯುತ್ತಿತ್ತು. ಬರಗಾಲಕ್ಕೆಂದು ಇಟ್ಟುದು ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಬುಟ್ಟಿಯ ಕಾಳು ವಾರದಲ್ಲಿ ಮುಗಿಯುತ್ತದೆ, ಹಗೇವಿನ ಕಾಳು ವರ್ಷಗಟ್ಟಲೆ ಬಾಳುತ್ತದೆ. ಕಡಲ ಮೇಲ್ಪದರವು ಬುಟ್ಟಿಯಿದ್ದಂತೆ, ಒಂದು ಸಾವಿರ ಮೀಟರಿಗಿಂತ ಕೆಳಗಿನ ಆಳವು ಹಗೇವಿದ್ದಂತೆ. ಅಲ್ಲಿಗೆ ತಲುಪಿದ ಇಂಗಾಲವು ಮತ್ತೆ ಗಾಳಿಯ ಮುಖ ಕಾಣಲು ಶತಮಾನಗಳೇ ಬೇಕು. ಈ ಇಳಿತವನ್ನೇ ವಿಜ್ಞಾನಿಗಳು ಜೈವಿಕ ಪಂಪು ಎಂದು ಕರೆಯುತ್ತಾರೆ. ಜಗತ್ತಿನ ಎಲ್ಲ ಸಾಗರಗಳಲ್ಲಿ ಸೇರಿ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲ ಹೀಗೆ ಮೇಲ್ಪದರದಿಂದ ಕೆಳಗಿಳಿಯುತ್ತದೆ ಎಂಬುದು ಒಂದು ಅಂದಾಜು. ಬೇರೆ ಬೇರೆ ಅಂದಾಜುಗಳ ನಡುವಿನ ಅಂತರವು ದೊಡ್ಡದು; ಆ ಅಂತರವನ್ನು ಕಿರಿದುಗೊಳಿಸುವುದಕ್ಕಾಗಿಯೇ ಅಳತೆ ಬೇಕಾಗಿದೆ.

ಈ ಕೆಲಸದಲ್ಲಿ ಧ್ರುವಸಾಗರಗಳಿಗೆ ವಿಶೇಷ ಸ್ಥಾನವಿದೆ. ತಣ್ಣೀರು ಅನಿಲವನ್ನು ಹೆಚ್ಚು ಕರಗಿಸಿಕೊಳ್ಳುತ್ತದೆ. ಭಾರವಾದ ತಣ್ಣೀರು ಅಲ್ಲಿಂದಲೇ ಸಾಗರದ ತಳಕ್ಕಿಳಿದು ಜಗತ್ತಿನಾದ್ಯಂತ ಹರಡುತ್ತದೆ. ಮನುಷ್ಯನು ಹೊರಸೂಸಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಭಾಗವನ್ನು ಸಾಗರಗಳು ಹೀರಿಕೊಳ್ಳುತ್ತಿವೆ. ಆ ಕಾಲುಭಾಗದಲ್ಲಿ ಸುಮಾರು ಶೇಕಡಾ 40ರಷ್ಟನ್ನು ಅಂಟಾರ್ಕ್ಟಿಕವನ್ನು ಸುತ್ತುವರಿದ ದಕ್ಷಿಣ ಮಹಾಸಾಗರವೊಂದೇ ಹೊರುತ್ತಿದೆ.

ಒರತೆಯ ಬಾವಿಯ ಲೆಕ್ಕ

ಮುಳುಗುವ ಇಂಗಾಲವನ್ನು ಅಳೆಯುವುದು ಸುಲಭವಲ್ಲ. ಲಾಳಿಕೆಯಂಥ ಬಲೆಯನ್ನು ನೀರಿನಲ್ಲಿ ಇಳಿಬಿಟ್ಟು ಬೀಳುವ ಕಣಗಳನ್ನು ಹಿಡಿಯುವ ಪದ್ಧತಿ ಇದೆ. ಆದರೆ ಹರಿಯುವ ನೀರಿನಲ್ಲಿ ಕಣಗಳು ಬಲೆಗೆ ಬೀಳದೆ ಪಕ್ಕಕ್ಕೆ ಸರಿದುಹೋಗುತ್ತವೆ. ಬಲೆ ಇಟ್ಟ ಒಂದೆರಡು ದಿನಗಳ ಸಂಗತಿ ಮಾತ್ರ ತಿಳಿಯುತ್ತದೆ. ಆದುದರಿಂದ, ಈಗಾಗಲೇ ಇಳಿದುಹೋದುದರ ಲೆಕ್ಕವನ್ನು ನೀರೇ ಬರೆದಿಟ್ಟುಕೊಂಡಿದ್ದರೆ ಒಳಿತು. ನೀರು ನಿಜವಾಗಿಯೂ ಆ ಲೆಕ್ಕವನ್ನು ಬರೆದಿಡುತ್ತದೆ.

ಸಮುದ್ರದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 3.3 ಮೈಕ್ರೋಗ್ರಾಂ ಯುರೇನಿಯಂ ಕರಗಿದೆ. ಇದು ಮನುಷ್ಯ ಬೆರೆಸಿದ್ದಲ್ಲ. ಬಂಡೆಗಳು ಸವೆದು ನದಿಗಳು ಹೊತ್ತು ತಂದದ್ದು. ಬೈಲಹೊಂಗಲ ಸೀಮೆಯ ದೇಶನೂರ ಪರಿಸರದ ಮರಳುಗಲ್ಲಿನಲ್ಲಿಯೂ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ಇರುವುದನ್ನು ಗುರುತಿಸಿದೆ. ಹೀಗೆ ಆ ಮೂಲವಸ್ತು ಈ ನಾಡಿನ ಕಲ್ಲಿಗೂ ಅಪರಿಚಿತವಲ್ಲ. ವಿಕಿರಣ ಎಂಬ ಮಾತು ಕೇಳಿ ಹೆದರಬೇಕಾಗಿಲ್ಲ: ಕುಡಿಯುವ ನೀರಿನಲ್ಲಿ ಯುರೇನಿಯಂ ಇರಬಹುದಾದ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವುದು ಲೀಟರಿಗೆ 30 ಮೈಕ್ರೋಗ್ರಾಂ. ಕಡಲ ನೀರಿನಲ್ಲಿರುವುದು ಅದರ ಒಂಬತ್ತನೆಯ ಒಂದು ಪಾಲು.

ಯುರೇನಿಯಂ-238 ಬಹು ನಿಧಾನವಾಗಿ ಕ್ಷಯಿಸುತ್ತದೆ. ಅದರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಭೂಮಿಯ ವಯಸ್ಸಿಗೆ ಹತ್ತಿರದ ಅವಧಿ. ಅದು ಕ್ಷಯಿಸಿದಾಗ ಹುಟ್ಟುವ ಕೂಸು ಥೋರಿಯಂ-234. ಈ ಕೂಸಿನ ಅರ್ಧಾಯುಷ್ಯ ಕೇವಲ 24.1 ದಿನ, ಎರಡು ಮಳೆ ನಕ್ಷತ್ರಗಳಿಗಿಂತ ತುಸು ಕಡಿಮೆ. ತಾಯಿ ಮತ್ತು ಕೂಸಿನ ಸ್ವಭಾವಗಳು ಮಾತ್ರ ತೀರ ಬೇರೆ. ಯುರೇನಿಯಂ ಉಪ್ಪಿನಂತೆ ನೀರಿನಲ್ಲಿ ಕರಗಿಯೇ ಇರುತ್ತದೆ. ಥೋರಿಯಂ ಕರಗಿರಲು ಒಲ್ಲದು. ತೇಲುವ ಯಾವುದೇ ಕಣ ಸಿಕ್ಕಿದರೂ ಅದಕ್ಕೆ ಅಂಟಿಕೊಳ್ಳುತ್ತದೆ. ಕಣ ಮುಳುಗಿದರೆ ಥೋರಿಯಂ ಕೂಡ ಅದರೊಡನೆ ಮುಳುಗುತ್ತದೆ.

ಇದನ್ನು ಒರತೆಯ ಬಾವಿಗೆ ಹೋಲಿಸಬಹುದು. ಒಂದು ಬಾವಿಗೆ ಒರತೆಯಿಂದ ಸದಾ ಒಂದೇ ಪ್ರಮಾಣದಲ್ಲಿ ನೀರು ಬರುತ್ತದೆ. ನೀರು ಏರಿದಷ್ಟೂ ಗೋಡೆಯ ಸಂದಿಯಿಂದ ಸೋರುವಿಕೆ ಹೆಚ್ಚುತ್ತದೆ. ಬರುವುದೂ ಸೋರುವುದೂ ಸಮವಾದಾಗ ಮಟ್ಟವು ಒಂದು ಗೆರೆಯ ಬಳಿ ನಿಲ್ಲುತ್ತದೆ. ಯಾರೂ ನೀರು ಸೇದದಿದ್ದರೆ ಮಟ್ಟವು ಆ ಗೆರೆಯಲ್ಲಿಯೇ ಇರಬೇಕು. ಗೆರೆಗಿಂತ ಕೆಳಗಿದ್ದರೆ ಯಾರೋ ಸೇದಿದ್ದಾರೆ. ಎಷ್ಟು ಕೆಳಗಿದೆ ಎಂಬುದರಿಂದ ದಿನಕ್ಕೆ ಎಷ್ಟು ಕೊಡ ಸೇದಿದರು ಎಂದು ಲೆಕ್ಕ ಹಾಕಬಹುದು. ಇಲ್ಲಿ ಒರತೆಯೆಂದರೆ ಯುರೇನಿಯಂ, ಸೋರುವಿಕೆಯೆಂದರೆ ಥೋರಿಯಂನ ಸ್ವಂತ ಕ್ಷಯ, ಸೇದುವವರೆಂದರೆ ಮುಳುಗುವ ಕಣಗಳು. ಆಳದ ನಿಶ್ಚಲ ನೀರಿನಲ್ಲಿ ಯುರೇನಿಯಂ ಮತ್ತು ಥೋರಿಯಂಗಳ ವಿಕಿರಣಪ್ರಮಾಣ ಸಮವಾಗಿರುತ್ತದೆ. ಮೇಲಿನ 100 ಅಥವಾ 200 ಮೀಟರಿನಲ್ಲಿ ಥೋರಿಯಂ ಕಡಿಮೆ ಇರುತ್ತದೆ. ಆ ಕೊರತೆಯೇ ಕಡಲು ಬರೆದಿಟ್ಟ ಲೆಕ್ಕ.

ಹಡಗಿನ ಮೇಲೆ ನಡೆಯುವ ಕೆಲಸ

ಸಂಶೋಧನಾ ಹಡಗಿನಿಂದ ಬೇರೆ ಬೇರೆ ಆಳದ ನೀರನ್ನು ಬಾಟಲಿಗಳಲ್ಲಿ ಮೇಲೆತ್ತುತ್ತಾರೆ. ಹಿಂದೆ ಪ್ರತಿ ಮಾದರಿಗೆ ಹತ್ತಾರು ಲೀಟರ್ ನೀರು ಬೇಕಾಗುತ್ತಿತ್ತು. ಈಗ ನಾಲ್ಕು ಲೀಟರ್ ಸಾಕು. ಅದಕ್ಕೆ ಅಮೋನಿಯ, ಮ್ಯಾಂಗನೀಸ್ ಕ್ಲೋರೈಡ್ ಮತ್ತು ಪೊಟ್ಯಾಶಿಯಂ ಪರ್ಮಾಂಗನೇಟ್ ಬೆರೆಸುತ್ತಾರೆ. ಕೊನೆಯದು ಹಳ್ಳಿಗಳಲ್ಲಿ ಬಾವಿಯ ನೀರನ್ನು ಶುದ್ಧಿಗೊಳಿಸಲು ಹಾಕುವ ನೇರಳೆ ಬಣ್ಣದ ಹರಳು. ಆಗ ನೀರಿನಲ್ಲಿ ಕಂದು ಬಣ್ಣದ ಚರಟ ಮೂಡಿ, ಥೋರಿಯಂ ಎಲ್ಲವನ್ನೂ ಅಂಟಿಸಿಕೊಳ್ಳುತ್ತದೆ. ಅದನ್ನು ಸೋಸಿ, ಒಣಗಿಸಿ, ಬೀಟಾ ಕಿರಣಗಳನ್ನು ಎಣಿಸುವ ಉಪಕರಣದಲ್ಲಿ ಇಡುತ್ತಾರೆ. ಸುಮಾರು ಆರು ತಿಂಗಳ ಬಳಿಕ, ಥೋರಿಯಂ ಕ್ಷಯಿಸಿ ಮುಗಿದ ಮೇಲೆ, ಅದೇ ಮಾದರಿಯನ್ನು ಮತ್ತೊಮ್ಮೆ ಎಣಿಸುತ್ತಾರೆ. ಮೊದಲ ಎಣಿಕೆಯಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಥೋರಿಯಂನದೇ ಆದ ಪಾಲು.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಲೀಟರ್ ಕಡಲ ನೀರಿನಲ್ಲಿ ಯುರೇನಿಯಂನಿಂದ ನಿಮಿಷಕ್ಕೆ ಸುಮಾರು 2.4 ವಿಘಟನೆಗಳು ನಡೆಯುತ್ತವೆ. ಉದಾಹರಣೆಗಾಗಿ, ಮೇಲಿನ 100 ಮೀಟರಿನಲ್ಲಿ ಥೋರಿಯಂನಿಂದ ಸರಾಸರಿ 1.8 ವಿಘಟನೆಗಳು ಮಾತ್ರ ಕಂಡವೆಂದು ಭಾವಿಸೋಣ. ಕೊರತೆ 0.6. ಒಂದು ಚದರ ಮೀಟರ್ ವಿಸ್ತೀರ್ಣದ ಕೆಳಗೆ 100 ಮೀಟರ್ ಆಳದವರೆಗೆ ಒಂದು ಲಕ್ಷ ಲೀಟರ್ ನೀರಿದೆ. ಒಟ್ಟು ಕೊರತೆ 60,000. ಥೋರಿಯಂ ದಿನಕ್ಕೆ ಶೇಕಡಾ 2.88ರ ದರದಲ್ಲಿ ಹುಟ್ಟಿ ಕ್ಷಯಿಸುವುದರಿಂದ, ಆ ಕೊರತೆಯನ್ನು ಹಾಗೆಯೇ ಉಳಿಸಲು ದಿನಕ್ಕೆ 1,728 ಏಕಮಾನದಷ್ಟು ಥೋರಿಯಂ ಮುಳುಗುತ್ತಿರಬೇಕು. ಮುಳುಗುವ ಕಣಗಳನ್ನು ಸೋಸಿ ತೆಗೆದು, ಅವುಗಳಲ್ಲಿ ಪ್ರತಿ ಏಕಮಾನ ಥೋರಿಯಂಗೆ 0.06 ಮಿಲಿಗ್ರಾಂ ಇಂಗಾಲ ಇದೆಯೆಂದು ಕಂಡುಬಂದರೆ, ದಿನಕ್ಕೆ ಸುಮಾರು 104 ಮಿಲಿಗ್ರಾಂ ಇಂಗಾಲ ಆ ಒಂದು ಚದರ ಮೀಟರಿನಿಂದ ಇಳಿಯಿತೆಂದು ಉತ್ತರ ಬರುತ್ತದೆ. ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದರಲ್ಲಿಲ್ಲ.

ಭಾರತೀಯರ ಪಾಲು

ಈ ವಿದ್ಯೆಯ ಬುನಾದಿಯಲ್ಲಿ ಭಾರತೀಯರ ಕೈಯಿದೆ ಎಂಬುದು ಅನೇಕರಿಗೆ ತಿಳಿಯದು. 1969ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್.ಜಿ. ಭಟ್, ಎಸ್. ಕೃಷ್ಣಸ್ವಾಮಿ, ದೇವೇಂದ್ರ ಲಾಲ್, ರಾಮ ಇವರು ಡಬ್ಲ್ಯೂ.ಎಸ್. ಮೂರ್ ಅವರೊಡನೆ ಸೇರಿ ಸಾಗರದಲ್ಲಿನ ಥೋರಿಯಂ-234 ಮತ್ತು ಯುರೇನಿಯಂ-238ರ ಅನುಪಾತವನ್ನು ಕುರಿತು ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದ ಮೊದಲ ಹೆಜ್ಜೆಗಳಲ್ಲಿ ಒಂದು. ಈ ತಂಡವು ಮುಂದೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ನೆಲೆಸಿತು. ಕಣಕುಂಬಿಯ ಘಟ್ಟವಿಳಿದರೆ ಸಿಗುವ ಗೋವೆಯಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ, ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರವೂ ಇವೆ. ಭಾರತದ ಮೊದಲ ಅಂಟಾರ್ಕ್ಟಿಕ ಯಾತ್ರೆ 1981ರ ಡಿಸೆಂಬರಿನಲ್ಲಿ ಹೊರಟಿದ್ದು ಗೋವೆಯಿಂದಲೇ. ದಕ್ಷಿಣ ಮಹಾಸಾಗರಕ್ಕೆಂದೇ ಮೀಸಲಾದ ಮೊದಲ ಭಾರತೀಯ ಸಂಶೋಧನಾ ಯಾತ್ರೆ ನಡೆದದ್ದು 2004ರಲ್ಲಿ.

ಧ್ರುವಸಾಗರದ ತೊಡಕುಗಳು

ಯಾವ ಅಳತೆಗೋಲಿಗೂ ಮಿತಿಗಳಿರುತ್ತವೆ. ಯುರೇನಿಯಂ ಪ್ರಮಾಣವನ್ನು ಸಾಮಾನ್ಯವಾಗಿ ನೀರಿನ ಉಪ್ಪಿನಂಶದಿಂದ ಲೆಕ್ಕ ಹಾಕುತ್ತಾರೆ. ಮಂಜುಗಡ್ಡೆ ಕರಗಿ ಸಿಹಿನೀರು ಬೆರೆತ ಕಡೆ ಆ ಲೆಕ್ಕವನ್ನು ಎಚ್ಚರದಿಂದ ಮಾಡಬೇಕು. ಪ್ಲವಕಗಳ ಬೆಳೆಯು ವಸಂತದಲ್ಲಿ ಒಮ್ಮೆಲೇ ಉಕ್ಕಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಆಗ ಬಾವಿಯ ಮಟ್ಟ ಸ್ಥಿರವಾಗಿದೆ ಎಂಬ ಊಹೆ ಸಲ್ಲದು, ಒಂದೇ ಸ್ಥಳವನ್ನು ಮತ್ತೆ ಮತ್ತೆ ಅಳೆಯಬೇಕು. ಕಣಕ್ಕೂ ಕಣಕ್ಕೂ ಇಂಗಾಲ ಮತ್ತು ಥೋರಿಯಂನ ಅನುಪಾತ ಬೇರೆ: ಡಯಾಟಮ್‌ಗಳ ಮುದ್ದೆಗೆ ಒಂದು, ಕ್ರಿಲ್ ಎಂಬ ಸಿಗಡಿಯಂಥ ಪ್ರಾಣಿಯ ಹಿಕ್ಕೆಗೆ ಇನ್ನೊಂದು. ಥೋರಿಯಂನ ನೆನಪು ಕೆಲವು ವಾರಗಳದು ಮಾತ್ರ. ಅದಕ್ಕಿಂತ ದೀರ್ಘ ಕಾಲದ ಸಂಗತಿ ಬೇಕಾದಾಗ 138 ದಿನ ಅರ್ಧಾಯುಷ್ಯದ ಪೊಲೋನಿಯಂ-210 ಮತ್ತು ಅದರ ಮೂಲವಾದ ಸೀಸ-210ರ ಜೋಡಿಯನ್ನು ಬಳಸುತ್ತಾರೆ. ಒಂದು ವಾರದ ಲೆಕ್ಕ, ಒಂದು ಹಂಗಾಮಿನ ಲೆಕ್ಕ ಎರಡನ್ನೂ ಹೋಲಿಸಿದಾಗಲೇ ಚಿತ್ರ ಪೂರ್ಣವಾಗುತ್ತದೆ.

ಉತ್ತರ ಧ್ರುವದಲ್ಲಿ ಇನ್ನೊಂದು ವಿಸ್ಮಯ ಕಂಡಿದೆ. 2012ರ ಬೇಸಿಗೆಯಲ್ಲಿ ಆರ್ಕ್ಟಿಕ್ ಮಂಜು ದಾಖಲೆಯ ಮಟ್ಟಕ್ಕೆ ಕುಗ್ಗಿದಾಗ, ಮಂಜಿನ ಅಡಿಗೆ ಜೋತುಬಿದ್ದು ಬೆಳೆಯುವ ಮೆಲೋಸಿರಾ ಎಂಬ ಪಾಚಿಯು ಕಳಚಿ, ನಾಲ್ಕು ಸಾವಿರ ಮೀಟರ್ ಆಳದ ತಳದಲ್ಲಿ ಅಲ್ಲಲ್ಲಿ ರಾಶಿಬಿದ್ದುದನ್ನು ವಿಜ್ಞಾನಿಗಳು ಕಂಡರು. ಮಂಜು ಕರಗುವುದರಿಂದ ಇಂಗಾಲದ ಇಳಿತ ಹೆಚ್ಚುವುದೋ ಕುಗ್ಗುವುದೋ ಎಂಬ ಪ್ರಶ್ನೆಗೆ ಒಂದು ವರ್ಷದ ನೋಟದಿಂದ ಉತ್ತರ ದೊರೆಯದು.

ಲೋಹಾಫೆಕ್ಸ್ ಕಲಿಸಿದ ಪಾಠ

ಈ ಅಳತೆಯ ಬೆಲೆ ತಿಳಿಯಬೇಕಾದರೆ 2009ರ ಒಂದು ಪ್ರಯೋಗವನ್ನು ನೋಡಬೇಕು. ದಕ್ಷಿಣ ಮಹಾಸಾಗರದ ಬಹುಭಾಗದಲ್ಲಿ ಬೇರೆ ಪೋಷಕಾಂಶಗಳು ಇದ್ದರೂ ಕಬ್ಬಿಣದ ಕೊರತೆಯಿಂದ ಪ್ಲವಕಗಳು ಹುಲುಸಾಗಿ ಬೆಳೆಯುವುದಿಲ್ಲ. ಹೊಲಕ್ಕೆ ಗೊಬ್ಬರ ಹಾಕಿದಂತೆ ಕಡಲಿಗೆ ಕಬ್ಬಿಣ ಹಾಕಿದರೆ ಬೆಳೆ ಹೆಚ್ಚಿ, ಇಂಗಾಲವು ಆಳಕ್ಕಿಳಿದು, ಜಗತ್ತಿನ ತಾಪ ತಗ್ಗೀತು ಎಂಬ ವಾದ ಹುಟ್ಟಿತು. ಹೀಗೆ ಮುಳುಗಿಸಿದ ಇಂಗಾಲದ ಲೆಕ್ಕವನ್ನು ಸಾಲಪತ್ರದಂತೆ ಮಾರುವ ಯೋಚನೆಯನ್ನು ಕೆಲವು ಖಾಸಗಿ ಕಂಪನಿಗಳೂ ಮಾಡಿದವು. 2008ರಲ್ಲಿ ಬಾನ್ ನಗರದಲ್ಲಿ ಸೇರಿದ ಜೀವವೈವಿಧ್ಯ ಒಪ್ಪಂದದ ರಾಷ್ಟ್ರಗಳು, ವೈಜ್ಞಾನಿಕ ಆಧಾರ ದೊರೆಯುವವರೆಗೆ ಇಂಥ ಕಾರ್ಯ ನಡೆಯದಂತೆ ನೋಡಿಕೊಳ್ಳಬೇಕೆಂದು ಕೇಳಿಕೊಂಡವು. ಕರಾವಳಿಯ ಸಣ್ಣ ಪ್ರಮಾಣದ ಸಂಶೋಧನೆಗಳಿಗೆ ಮಾತ್ರ ವಿನಾಯಿತಿ ಇತ್ತವು.

ಈ ಹಿನ್ನೆಲೆಯಲ್ಲಿ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಲೋಹಾಫೆಕ್ಸ್ ಎಂಬ ಪ್ರಯೋಗ ಕೈಗೊಂಡರು. ಹೆಸರಿನ ಮೊದಲ ಭಾಗ ಹಿಂದಿಯ ಲೋಹ, ಅಂದರೆ ಕಬ್ಬಿಣ. ಗೋವೆಯ ಸಾಗರ ವಿಜ್ಞಾನ ಸಂಸ್ಥೆಯ ವಜೀಹ್ ನಖ್ವಿ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಕ್ಟರ್ ಸ್ಮೆಟಾಚೆಕ್ ಇದರ ಮುಂದಾಳುಗಳು. ಪೋಲಾರ್‌ಸ್ಟರ್ನ್ ಹಡಗು 2009ರ ಜನವರಿ 7ರಂದು ಕೇಪ್ ಟೌನ್ ಬಿಟ್ಟಿತು. ಪರಿಸರ ಸಂಘಟನೆಗಳು ಪ್ರತಿಭಟಿಸಿದವು. ಜರ್ಮನ್ ಸರಕಾರ ಕೆಲವು ದಿನ ಕಾರ್ಯವನ್ನು ತಡೆಹಿಡಿದು, ಪರಿಶೀಲನೆಯ ಬಳಿಕ ಅದೇ ತಿಂಗಳು ಅನುಮತಿ ನೀಡಿತು. ದಕ್ಷಿಣ ಅಟ್ಲಾಂಟಿಕದ ಒಂದು ಸುಳಿಯೊಳಗೆ 300 ಚದರ ಕಿಲೋಮೀಟರ್ ಪ್ರದೇಶಕ್ಕೆ ಎರಡು ಸಲ, ಪ್ರತಿ ಸಲ ಎರಡು ಟನ್ ಕಬ್ಬಿಣವನ್ನು ಸಲ್ಫೇಟ್ ರೂಪದಲ್ಲಿ ಬೆರೆಸಿ, 39 ದಿನ ಅಧ್ಯಯನ ನಡೆಯಿತು.

ಬೆಳೆ ಬಂದಿತು. ಪ್ಲವಕಗಳ ಹಸಿರು ಇಮ್ಮಡಿಯಾಯಿತು. ಅಷ್ಟನ್ನೇ ನೋಡಿದ್ದರೆ ಪ್ರಯೋಗ ಗೆದ್ದಿತೆಂದು ಸಾರಬಹುದಾಗಿತ್ತು. ಆದರೆ ಥೋರಿಯಂನ ಲೆಕ್ಕ ಬೇರೆಯದನ್ನೇ ಹೇಳಿತು. ಕಬ್ಬಿಣ ಹಾಕಿದ ನೀರಿನಲ್ಲಿ ದಿನಕ್ಕೆ ಚದರ ಮೀಟರಿಗೆ ಸುಮಾರು 250 ಮಿಲಿಗ್ರಾಂ ಇಂಗಾಲ ನಿವ್ವಳವಾಗಿ ಬೆಳೆಯಾಗಿತ್ತು. ಮೇಲ್ಪದರದಿಂದ ಕೆಳಗಿಳಿದದ್ದು ಸುಮಾರು 75 ಮಿಲಿಗ್ರಾಂ. ಕಬ್ಬಿಣ ಹಾಕದ ಸುತ್ತಲಿನ ನೀರಿನಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಿತ್ತು. 450 ಮೀಟರ್ ಆಳದ ಬಲೆಗಳಿಗೆ ಬಹುಮಟ್ಟಿಗೆ ಸಿಕ್ಕಿದ್ದು 13 ಮಿಲಿಗ್ರಾಂಗಿಂತ ಕಡಿಮೆ. ಅಂದರೆ ರಾಶಿ ದೊಡ್ಡದಾಯಿತು, ಹಗೇವು ತುಂಬಲಿಲ್ಲ.

ಕಾರಣವೂ ತಿಳಿಯಿತು. ಆ ನೀರಿನಲ್ಲಿ ಸಿಲಿಕಾ ತೀರ ಕಡಿಮೆ ಇದ್ದುದರಿಂದ ಭಾರವಾದ ಡಯಾಟಮ್‌ಗಳು ಬೆಳೆಯಲಿಲ್ಲ. ಅವುಗಳ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆಯಿತ್ತು. ಬೆಳೆದ ಸಣ್ಣ ಪ್ಲವಕಗಳನ್ನು ಕೋಪೆಪಾಡ್ ಎಂಬ ಸಣ್ಣ ಪ್ರಾಣಿಗಳು ಮೇಯ್ದವು. ಇದಕ್ಕೆ ಪ್ರತಿಯಾಗಿ, ಇದೇ ಮಹಾಸಾಗರದಲ್ಲಿ 2004ರಲ್ಲಿ ನಡೆದ ಐಫೆಕ್ಸ್ ಪ್ರಯೋಗದಲ್ಲಿ ಡಯಾಟಮ್‌ಗಳು ಬೆಳೆದು, ಬೆಳೆಯ ಅರ್ಧಕ್ಕೂ ಹೆಚ್ಚು ಸಾವಿರ ಮೀಟರಿಗಿಂತ ಕೆಳಕ್ಕೆ ಇಳಿದಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕಬ್ಬಿಣ ಒಂದೇ, ಕಡಲು ಒಂದೇ. ಫಲ ಮಾತ್ರ ಬೇರೆ. ಒಂದು ಕಡೆಯ ಫಲವನ್ನು ಎಲ್ಲೆಡೆಗೂ ಅನ್ವಯಿಸಿ ಲಾಭದ ಲೆಕ್ಕ ಬರೆಯುವುದು ಎಷ್ಟು ಅಪಾಯಕರ ಎಂಬುದನ್ನು ಈ ಎರಡು ಪ್ರಯೋಗಗಳು ಜೊತೆಯಾಗಿ ತೋರಿಸಿವೆ.

ಜಲಾಶಯದ ತಳವನ್ನೂ ಓದಬಹುದು

ಈ ವಿದ್ಯೆ ಕಡಲಿಗಷ್ಟೇ ಸೀಮಿತವಲ್ಲ. ನೆಲದ ಯುರೇನಿಯಂನಿಂದ ಹುಟ್ಟುವ ರೇಡಾನ್ ಅನಿಲವು ಮಣ್ಣಿನಿಂದ ಗಾಳಿಗೆ ಏರುತ್ತದೆ. ಅಲ್ಲಿ ಕ್ಷಯಿಸಿ, ಹಲವು ಹಂತಗಳ ಬಳಿಕ ಸೀಸ-210 ಆಗುತ್ತದೆ. ಕಿತ್ತೂರಿನ ಹೊಲಕ್ಕೂ ರಾಮದುರ್ಗದ ಗುಡ್ಡಕ್ಕೂ ಬೀಳುವ ಮಳೆಯ ಜೊತೆ ಈ ಸೀಸ ಕೆಳಗಿಳಿದು ಮೇಲ್ಮಣ್ಣಿಗೆ ಅಂಟುತ್ತದೆ. ಅದರ ಅರ್ಧಾಯುಷ್ಯ ಸುಮಾರು 22 ವರ್ಷ. ಆ ಮಣ್ಣು ಕೊಚ್ಚಿಹೋಗಿ ಜಲಾಶಯದ ತಳ ಸೇರಿದರೆ, ಹೂಳಿನ ಪದರಗಳಲ್ಲಿ ಈ ಸೀಸದ ಪ್ರಮಾಣ ಕೆಳಕೆಳಗೆ ಕುಗ್ಗುತ್ತ ಹೋಗುತ್ತದೆ. ಅದರಿಂದ ಪ್ರತಿ ಪದರದ ವಯಸ್ಸನ್ನು ಹೇಳಬಹುದು. ಸರೋವರಗಳ ಹೂಳಿಗೆ ಈ ವಿಧಾನವನ್ನು 1971ರಲ್ಲಿ ಅನ್ವಯಿಸಿ ತೋರಿಸಿದ ತಂಡದಲ್ಲಿಯೂ ಕೃಷ್ಣಸ್ವಾಮಿ ಮತ್ತು ಲಾಲ್ ಇದ್ದರು. ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಕರಾವಳಿ ಹಾಗೂ ಕೈಗಾ ಪ್ರದೇಶದ ಮಣ್ಣಿನಲ್ಲಿ ಇದೇ ಸೀಸ ಮತ್ತು ಪೊಲೋನಿಯಂಗಳನ್ನು ಅಳೆದಿದ್ದಾರೆ. ಹೀಗಾಗಿ ಈ ವಿದ್ಯೆ ಕರ್ನಾಟಕದೊಳಗೇ ಲಭ್ಯವಿದೆ.

1970ರ ದಶಕದಲ್ಲಿ ತುಂಬತೊಡಗಿದ ರೇಣುಕಾಸಾಗರದ ವಯಸ್ಸು ಸೀಸ-210ರ ಎರಡು ಅರ್ಧಾಯುಷ್ಯಗಳಿಗಿಂತ ಸ್ವಲ್ಪ ಹೆಚ್ಚು. ಆ ಕೈಗಡಿಯಾರಕ್ಕೆ ಒಪ್ಪುವ ಅವಧಿ ಅದು. ಹೂಳಿನಲ್ಲಿ ಸೀಸ-210 ಹೆಚ್ಚಾಗಿ ಕಂಡರೆ ಅದು ಉಳುವ ಹೊಲದ ಮೇಲ್ಮಣ್ಣು, ಕಡಿಮೆ ಕಂಡರೆ ಕೊರಕಲುಗಳಿಂದ ಮತ್ತು ಹೊಳೆದಂಡೆಯಿಂದ ಕುಸಿದ ಆಳದ ಮಣ್ಣು ಎಂದು ಬೇರ್ಪಡಿಸಬಹುದು. ಮೊದಲನೆಯದಕ್ಕೆ ಹೊಲದ ಬದುಗಳು ಪರಿಹಾರ, ಎರಡನೆಯದಕ್ಕೆ ಹಳ್ಳದ ದಂಡೆಯ ಗಿಡಮರಗಳು ಮತ್ತು ಒಡ್ಡುಗಳು ಪರಿಹಾರ. ಯಾವುದಕ್ಕೆ ಎಷ್ಟು ಹಣ, ಎಷ್ಟು ದುಡಿಮೆ ಎಂದು ನಿರ್ಧರಿಸುವ ಮುನ್ನ ಹೂಳನ್ನು ಕೇಳುವುದು ಬುದ್ಧಿವಂತಿಕೆ.

ಅಳೆದು ನಂಬಬೇಕು

ಹೊಗೆಯನ್ನು ಕಡಿಮೆ ಮಾಡದೆ, ಅದನ್ನು ಎಲ್ಲಿಯೋ ಹೂತಿಡುತ್ತೇವೆಂಬ ಮಾತು ಇಂದು ಜಗತ್ತಿನ ತುಂಬ ಕೇಳಿಬರುತ್ತಿದೆ. ಕಡಲಿನಲ್ಲಿ ಹೂಳುವ ಮಾತಿದೆ, ಮರ ನೆಟ್ಟು ಹೂಳುವ ಮಾತಿದೆ, ಮಣ್ಣಿನಲ್ಲಿ ಹೂಳುವ ಮಾತಿದೆ. ಇವುಗಳಲ್ಲಿ ಕೆಲವು ನಿಜವಾಗಿಯೂ ಫಲ ಕೊಡಬಹುದು. ಆದರೆ ಇಂಥ ಯೋಜನೆ ಯಾವುದೇ ಊರಿನ ಬಾಗಿಲಿಗೆ ಬಂದಾಗ, ಗ್ರಾಮಸಭೆಯಲ್ಲಿ ಕುಳಿತವರು ಕೇಳಬೇಕಾದ ಪ್ರಶ್ನೆಗಳನ್ನು ಧ್ರುವಸಾಗರದ ಈ ಪುಟ್ಟ ಥೋರಿಯಂ ಕಲಿಸಿಕೊಟ್ಟಿದೆ. ಬೆಳೆದದ್ದೆಷ್ಟು, ಉಳಿದದ್ದೆಷ್ಟು? ಉಳಿದದ್ದು ಬುಟ್ಟಿಯಲ್ಲಿದೆಯೋ ಹಗೇವಿನಲ್ಲಿದೆಯೋ? ಎಷ್ಟು ವರ್ಷ ಅಲ್ಲಿ ಇರುತ್ತದೆ? ಯೋಜನೆ ಇಲ್ಲದಿದ್ದರೂ ಅಷ್ಟು ಉಳಿಯುತ್ತಿತ್ತೇ? ಅಳೆದವರು ಯಾರು, ಲಾಭ ಪಡೆಯುವವರೇ ಅಳೆದರೇ?

ಲೋಹಾಫೆಕ್ಸಿನ ವಿಜ್ಞಾನಿಗಳು ತಾವೇ ಕೈಗೊಂಡ ಪ್ರಯೋಗವು ನಿರೀಕ್ಷಿತ ಫಲ ಕೊಡಲಿಲ್ಲವೆಂಬುದನ್ನು ಅಂಕಿಸಂಖ್ಯೆಗಳೊಡನೆ ಜಗತ್ತಿನ ಮುಂದಿಟ್ಟರು. ಆ ಪ್ರಾಮಾಣಿಕತೆಯೂ ವಿಜ್ಞಾನದ ಒಂದು ಭಾಗವೇ. ವಿದ್ಯಾರ್ಥಿಗಳು ಭೌತಶಾಸ್ತ್ರದ ಪುಸ್ತಕದಲ್ಲಿ ಅರ್ಧಾಯುಷ್ಯದ ಸೂತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅದೇ ಸೂತ್ರದಿಂದ ಒಂದು ಮಹಾಸಾಗರದ ಜಮಾಖರ್ಚನ್ನು ತಪಾಸಣೆ ಮಾಡಬಹುದು, ತಮ್ಮೂರಿನ ಕೆರೆಯ ಹೂಳಿನ ಚರಿತ್ರೆಯನ್ನು ಓದಬಹುದು. ಈ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವ ಕೆಲಸ ನಡೆಯುವ ಕಡೆಗಳಲ್ಲಿ, ಅಗೆದ ಗೋಡೆಯ ಪದರಗಳನ್ನು ಒಮ್ಮೆ ನಿಂತು ನೋಡಿ, ಅಳೆದು, ಬರೆದಿಡುವುದರಿಂದ ಆ ಓದನ್ನು ಆರಂಭಿಸಬಹುದು.